ಆಟದ ಪೆಟ್ಟಿಗೆ

ಮುದ್ದೇನಹಳ್ಳಿ ಎಂದೊಡನೆ ಎಲ್ಲರ ನೆನಪಿಗೂ ಬರುವ ಹೆಸರು ಸರ್ ಎಂ. ವಿಶ್ವೇಶ್ವರಯ್ಯನವರದು. ಅವರ ಮನೆಯನ್ನೂ ಸಮಾಧಿಯನ್ನೂ ನೋಡಲು ಶಾಲೆಯ ಮಕ್ಕಳು ಸಾಲುಸಾಲಾಗಿ ಬರುತ್ತಾರೆ. ಅಂತಹ ಊರಿನಲ್ಲಿ ನೆಲೆಸಿರುವ ನಾನು ಇಲ್ಲಿ ಬರೆಯಹೊರಟಿರುವುದು ಅಣೆಕಟ್ಟಿನ ವಿಷಯವನ್ನಲ್ಲ. ನಮ್ಮ ಮನೆಯ ಜಗಲಿಯಲ್ಲಿ ತಯಾರಾದ ಒಂದು ಆಟದ ಪೆಟ್ಟಿಗೆಯ ವಿಷಯವನ್ನು.

ನಗರದ ದೊಡ್ಡ ಮಳಿಗೆಗಳಲ್ಲಿ ವಿಡಿಯೋ ಆಟದ ಪೆಟ್ಟಿಗೆಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಆಳೆತ್ತರದ ಮರದ ಗೂಡು. ಕಣ್ಣಿನ ನೇರಕ್ಕೆ ಒಂದು ತೆರೆ. ಸೊಂಟದ ಮಟ್ಟದಲ್ಲಿ ಒಂದು ಹಲಗೆ. ಅದರ ಮೇಲೆ ಜಾಯ್‌ಸ್ಟಿಕ್ ಎಂಬ ಹಿಡಿಕೋಲು, ನಾಲ್ಕಾರು ಬಣ್ಣದ ಗುಂಡಿಗಳು. ಇವುಗಳಲ್ಲಿ ಮೊದಲು ಲೋಕಪ್ರಸಿದ್ಧವಾದುದು 1972ರಲ್ಲಿ ಅಮೆರಿಕದ ಅಟಾರಿ ಕಂಪನಿಯಲ್ಲಿ ಅಲನ್ ಅಲ್ಕಾರ್ನ್ ಎಂಬ ಎಂಜಿನಿಯರು ರೂಪಿಸಿದ ಪಾಂಗ್ ಎಂಬ ಚೆಂಡಾಟ. ಅದರ ಮೊದಲ ಮಾದರಿಗೆ ಅವರು ಬಳಸಿದ್ದು ಅಂಗಡಿಯಲ್ಲಿ ಕೊಂಡು ತಂದ ಸಾಧಾರಣ ಕಪ್ಪು-ಬಿಳುಪು ಟೆಲಿವಿಷನ್ನನ್ನು. ಅದನ್ನು ಮರದ ಪೆಟ್ಟಿಗೆಯೊಳಗೆ ಕೂರಿಸಿ, ಕ್ಯಾಲಿಫೋರ್ನಿಯಾದ ಸನಿವೇಲ್ ಪಟ್ಟಣದ ಒಂದು ಪಾನಗೃಹದಲ್ಲಿ ಇಟ್ಟರು. ಕೆಲವು ದಿನಗಳಲ್ಲೇ ಯಂತ್ರ ಕೆಟ್ಟಿತೆಂದು ದೂರು ಬಂತು. ಬಿಚ್ಚಿ ನೋಡಿದರೆ ಕೆಟ್ಟದ್ದೇನೂ ಇರಲಿಲ್ಲ. ನಾಣ್ಯ ಬೀಳುವ ಡಬ್ಬಿ ತುಂಬಿ ತುಳುಕಿತ್ತು!

ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮೊಮ್ಮಗಳು ಈ ಕಥೆಯನ್ನು ನನಗೆ ಹೇಳಿ, ಅದೇ ಉಸಿರಿನಲ್ಲಿ, "ತಾತ, ನಾವೂ ಒಂದು ಮಾಡೋಣವೆ?" ಎಂದು ಕೇಳಿದಳು. ನಾನು ಮೊದಲು ಒಪ್ಪಲಿಲ್ಲ. ಮಕ್ಕಳು ಆಗಲೇ ಮೊಬೈಲಿನಲ್ಲಿ ಮುಳುಗಿರುವಾಗ ಇನ್ನೊಂದು ತೆರೆಯನ್ನು ಮನೆಗೆ ಕರೆತರುವುದೆ ಎಂಬುದು ನನ್ನ ಅಳುಕು. ಆದರೆ ಅವಳು ಹಬ್ಬಹರಿದಿನಗಳಲ್ಲಿ ಹಿರಿಯರು ಕೊಟ್ಟ ಹಣವನ್ನು ಎರಡು ವರ್ಷ ಕೂಡಿಟ್ಟು 5,000 ರೂಪಾಯಿ ಮಾಡಿಕೊಂಡಿದ್ದಳು. ಅದು ಅವಳ ಹಣ. ಅಂದಾಜು ಪಟ್ಟಿಯಿಲ್ಲದೆ ಒಂದು ರೂಪಾಯಿಯನ್ನೂ ಖರ್ಚು ಮಾಡಕೂಡದೆಂಬ ಒಂದೇ ಷರತ್ತಿನ ಮೇಲೆ ಒಪ್ಪಿದೆ.

ಪಟ್ಟಿಯಲ್ಲಿ ದೊಡ್ಡ ಬಾಬು ಕಂಪ್ಯೂಟರಿನದು. ಅದು ನಮಗೆ ಖರ್ಚಿಲ್ಲದೆ ದೊರೆಯಿತು. ತೆರೆ ಒಡೆದು ಅಟ್ಟ ಸೇರಿದ್ದ ಒಂದು ಲ್ಯಾಪ್‌ಟಾಪ್ ಮನೆಯಲ್ಲಿತ್ತು. ತೆರೆ ಒಡೆದರೂ ಅದರ ಒಳಗಿನ ಭಾಗಗಳು ಸರಿಯಾಗಿದ್ದವು. ಹೊರಗಿನ ಮಾನಿಟರಿಗೆ ಜೋಡಿಸಿದರೆ ಕೆಲಸ ಮಾಡುತ್ತಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯದೊಂದು 17 ಇಂಚಿನ ಚಪ್ಪಟೆ ಮಾನಿಟರು 1,200 ರೂಪಾಯಿಗೆ ಸಿಕ್ಕಿತು. ಇಬ್ಬರು ಆಡಲು ಬೇಕಾದ ಹಿಡಿಕೋಲು, ಗುಂಡಿ ಮತ್ತು ತಂತಿಗಳಿಗೆ 2,400 ಆಯಿತು. ನೆರೆಮನೆಯವರು ತಮ್ಮ ಹಳೆಯ ಡಬ್ಬಿ ಟಿ.ವಿ.ಯನ್ನು ಬಿಟ್ಟಿಯಾಗಿ ಕೊಡಲು ಬಂದಿದ್ದರು. ಅದನ್ನು ಬೇಡವೆಂದೆ. ಅಂತಹ ಟಿ.ವಿ.ಯ ಗಾಜಿನ ಕೊಳವೆಯಲ್ಲಿ, ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟಿನ ವಿದ್ಯುತ್ತು ಉಳಿದಿರಬಹುದು. ಕಲಿಯುವವರು ಅದರ ಬೆನ್ನನ್ನು ಬಿಚ್ಚಲೇಬಾರದು.

ಇನ್ನುಳಿದದ್ದು ಮರ. ಮೊಮ್ಮಗಳು ತಂದ ನಕ್ಷೆಯಂತೆ ಮೂರಡಿ ಎತ್ತರದಲ್ಲಿ ಹಲಗೆಯಿರುವ ಆಳೆತ್ತರದ ಗೂಡಿಗೆ, ಎಂಟಡಿ ಉದ್ದ ನಾಲ್ಕಡಿ ಅಗಲದ ಪ್ಲೈವುಡ್ ಹಾಳೆಗಳು ಎರಡು ಬೇಕಾಗುತ್ತಿದ್ದವು. ಅಷ್ಟು ಹಣ ಉಳಿದಿರಲಿಲ್ಲ. ನಕ್ಷೆ ಹಿಡಿದು ಊರಿನ ಆಚಾರಿಯವರ ಬಳಿ ಹೋದೆವು. ಅವರು ಕಾಗದವನ್ನು ಮೇಲಿನಿಂದ ಕೆಳಗೆ ನೋಡಿ, "ಇದರಲ್ಲಿ ಆಡೋರು ಯಾರು ಮೇಷ್ಟ್ರೇ?" ಎಂದರು. ಇವಳೂ ಇವಳ ತಮ್ಮನೂ ಎಂದೆ. "ಇವರು ನಿಂತುಕೊಂಡು ಆಡ್ತಾರಾ, ಕೂತುಕೊಂಡಾ?"

ಆ ಪ್ರಶ್ನೆಯನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ನಕ್ಷೆ ಯಾವುದೋ ದೇಶದ್ದು. ಅಲ್ಲಿ ಅಂಗಡಿಯ ಗಿರಾಕಿ ನಿಂತು ಆಡುತ್ತಾನೆ. ನಮ್ಮ ಮನೆಯಲ್ಲಿ ಚೌಕಾಬಾರವಾಗಲಿ ಅಳಗುಳಿಮಣೆಯಾಗಲಿ ಚಾಪೆಯ ಮೇಲೆ ಕುಳಿತೇ ಆಡುವುದು. ಆಚಾರಿಯವರು ಇಬ್ಬರನ್ನೂ ಅಕ್ಕಪಕ್ಕ ಚಕ್ಕಂಬಕ್ಕಲ ಹಾಕಿ ಕೂರಿಸಿ, ಮೊಳಕೈ ಇರುವ ಎತ್ತರವನ್ನೂ ಇಬ್ಬರ ಭುಜ ತಾಗದಂತೆ ಬೇಕಾದ ಅಗಲವನ್ನೂ ಟೇಪಿನಿಂದ ಅಳೆದರು. ಕಾಲುಗಳಿಲ್ಲದ, ಮಣೆಯ ಮೇಲೆ ಇಡಬಹುದಾದ, 22 ಇಂಚು ಅಗಲದ ಪೆಟ್ಟಿಗೆ ಸಾಕೆಂದಾಯಿತು. ಎರಡು ಹಾಳೆ ಬೇಕಾಗಿದ್ದಲ್ಲಿ 12 ಮಿಲಿಮೀಟರ್ ದಪ್ಪದ ಅರ್ಧ ಹಾಳೆ, 900 ರೂಪಾಯಿಗೆ, ಎಲ್ಲಕ್ಕೂ ಒದಗಿತು. ಆದರೆ ಒಂದು ಕೊಯ್ತ ತಪ್ಪಿದರೂ ಮತ್ತೊಂದು ತುಂಡಿಗೆ ಹಣವಿಲ್ಲ. ಆದುದರಿಂದ ಮೊಮ್ಮಗಳು ಮೊದಲು ರಟ್ಟಿನಲ್ಲಿ ಇಡೀ ಪೆಟ್ಟಿಗೆಯನ್ನು ಕತ್ತರಿಸಿ ಅಂಟಿಸಿ, ಮಾನಿಟರನ್ನು ಒಳಗಿಟ್ಟು ನೋಡಿ, ಆಮೇಲೆ ಗರಗಸಕ್ಕೆ ಕೈಹಾಕಿದಳು.

ಹಿಡಿಕೋಲಿನ ರಚನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೊರಗಿನಿಂದ ಅದು ತೋರುವುದೇ ಬೇರೆ. ಕೋಲು ನಡುವೆ ಒಂದು ಆನಿಕೆಯ ಮೇಲೆ ನಿಂತಿರುತ್ತದೆ. ಹಲಗೆಯ ಕೆಳಗೆ, ಕೋಲಿನ ಬುಡದ ಸುತ್ತ, ನಾಲ್ಕು ದಿಕ್ಕಿಗೆ ನಾಲ್ಕು ಚಿಕ್ಕ ಸ್ವಿಚ್ಚುಗಳು. ನೀರೆತ್ತುವ ಏತದ ಒಂದು ತುದಿ ತಗ್ಗಿದಾಗ ಇನ್ನೊಂದು ತುದಿ ಏಳುವಂತೆ, ಕೋಲಿನ ತಲೆಯನ್ನು ಬಲಕ್ಕೆ ವಾಲಿಸಿದರೆ ಬುಡ ಎಡಕ್ಕೆ ಸರಿದು ಎಡಗಡೆಯ ಸ್ವಿಚ್ಚನ್ನು ಒತ್ತುತ್ತದೆ. ಅಂದರೆ 'ಬಲ' ಎಂಬ ತಂತಿಯನ್ನು ಎಡದ ಸ್ವಿಚ್ಚಿಗೆ ಸೇರಿಸಬೇಕು! ಇದನ್ನರಿಯದೆ ಮೊಮ್ಮಗಳು ಬಲವನ್ನು ಬಲಕ್ಕೂ ಎಡವನ್ನು ಎಡಕ್ಕೂ ಸೇರಿಸಿದ್ದಳು. ಮೊದಲ ಸಂಜೆ ತೆರೆಯ ಮೇಲಿನ ಹಲಗೆ ಹೇಳಿದ್ದಕ್ಕೆ ವಿರುದ್ಧವಾಗಿ ಓಡಿತು. ತಮ್ಮ ಕೈತಟ್ಟಿ ನಕ್ಕ. ಅವಳ ಕಣ್ಣಲ್ಲಿ ನೀರು ಬಂತು. ನಾನೂ ಕಾರಣ ತಿಳಿಯದೆ ಸುಮ್ಮನಿದ್ದೆ. ಮರುದಿನ ಪೆಟ್ಟಿಗೆಯನ್ನು ಮಗುಚಿ, ಕೋಲನ್ನು ಅಲುಗಿಸುತ್ತ ಬಹಳ ಹೊತ್ತು ನೋಡಿ, ಕಾರಣವನ್ನು ಅವಳೇ ಕಂಡುಹಿಡಿದು ತಂತಿಗಳನ್ನು ಅದಲುಬದಲು ಮಾಡಿದಳು.

ಸ್ವಿಚ್ಚುಗಳ ತಂತಿಗಳೆಲ್ಲ ಎನ್‌ಕೋಡರ್ ಎಂಬ ಚಿಕ್ಕ ಫಲಕಕ್ಕೆ ಸೇರುತ್ತವೆ. ಯಾವ ಸ್ವಿಚ್ಚು ಒತ್ತಿತೆಂಬುದನ್ನು ಆ ಫಲಕ ಒಂದೇ ತಂತಿಯ ಮೂಲಕ ಕಂಪ್ಯೂಟರಿಗೆ ತಿಳಿಸುತ್ತದೆ. ಒಳಗಿನ ಬಿಸಿ ಗಾಳಿ ಮೇಲೇರುವುದರಿಂದ ಬೆನ್ನಹಲಗೆಯ ಕೆಳಗೂ ಮೇಲೂ ರಂಧ್ರಗಳನ್ನು ಕೊರೆದೆವು.

ಹಳೆಯ ಪ್ರಸಿದ್ಧ ಆಟಗಳನ್ನು ಹಣ ತೆರದೆ ಇಳಿಸಿಕೊಳ್ಳಬಹುದೆಂದು ಯಾರೋ ಹೇಳಿದರು. ಅವು ಹಳೆಯವಾದರೂ ಅವುಗಳ ಹಕ್ಕು ಇನ್ನೊಬ್ಬರದು. ಆದ್ದರಿಂದ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಮೊಮ್ಮಗಳು ತಾನೇ ಒಂದು ಚೆಂಡಾಟವನ್ನು ಬರೆದಳು: ಎರಡು ಹಲಗೆ, ಒಂದು ಚೆಂಡು, ಅಂಕ ಎಣಿಸುವ ಎರಡು ಸಂಖ್ಯೆ, ಅಷ್ಟೆ.

ತಿರುಪುಮೊಳೆ, ಉಪ್ಪುಕಾಗದ ಮತ್ತು ಬಣ್ಣಕ್ಕೆ 350 ಸೇರಿ ಒಟ್ಟು ಖರ್ಚು 4,850 ರೂಪಾಯಿ. ಆಚಾರಿಯವರ ಕೂಲಿಯನ್ನು ನಾನು ಬೇರೆಯಾಗಿ ಕೊಟ್ಟೆ. ಅದನ್ನೂ ಪಟ್ಟಿಗೆ ಸೇರಿಸದಿದ್ದರೆ ಲೆಕ್ಕ ಸುಳ್ಳಾಗುತ್ತದೆಂದು ಮೊಮ್ಮಗಳು ಇಂದಿಗೂ ವಾದಿಸುತ್ತಾಳೆ. ಅವಳ ವಾದ ಸರಿ.

ಮೊಬೈಲಿನಲ್ಲಿ ಒಬ್ಬೊಬ್ಬರೇ ಮೂಲೆ ಹಿಡಿಯುತ್ತಿದ್ದ ಅಕ್ಕ ತಮ್ಮ ಈಗ ಒಂದೇ ಚಾಪೆಯ ಮೇಲೆ ಜಗಳವಾಡುತ್ತಾರೆ. ಒಂದು ಭಾನುವಾರ ಆಚಾರಿಯವರೂ ಬಂದು ಕುಳಿತರು. ಮೂರು ಆಟ ಸೋತು, ಮಂಡಿ ಹಿಡಿದುಕೊಂಡು ಎದ್ದು, "ನನ್ನಂಥೋರಿಗೆ ಇದಕ್ಕೆ ಒಂದು ಸ್ಟ್ಯಾಂಡ್ ಬೇಕು" ಎನ್ನುತ್ತ ಟೇಪನ್ನು ಜೇಬಿನಿಂದ ತೆಗೆದರು.