ಮರಿ ಉಚ್ಚೆ ಮಾಡುತ್ತಿಲ್ಲವೇಕೆ?

ಪ್ರಶ್ನೆ: ನಮ್ಮ ರೇಷ್ಮೆ ಹುಳು ಮನೆಯ ಅಟ್ಟದಲ್ಲಿ ಬೆಕ್ಕೊಂದು ಮೂರು ಮರಿ ಹಾಕಿ ಹೋದದ್ದು ಮತ್ತೆ ಬರಲೇ ಇಲ್ಲ. ಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಹಾಲು ಕುಡಿಯುತ್ತವೆ, ಉಚ್ಚೆ ಮಾತ್ರ ಮಾಡುತ್ತಿಲ್ಲ. ಯಾಕೆ?
– ಓದುಗರು, ಹಾರೋಹಳ್ಳಿ

ಉತ್ತರ: ಅವಕ್ಕೆ ತಾವಾಗಿ ಮಾಡಲು ಬಾರದು. ಸುಮಾರು 3 ವಾರ ತುಂಬುವವರೆಗೆ ತಾಯಿ ಹಿಂಭಾಗ ನೆಕ್ಕಿದರಷ್ಟೇ ಉಚ್ಚೆ, ಕಕ್ಕ ಇಳಿಯುತ್ತವೆ. ಗೂಡು ನಾರದಂತೆ ಎಲ್ಲವನ್ನೂ ತಾಯಿಯೇ ನೆಕ್ಕಿ ಶುಚಿ ಮಾಡುತ್ತದೆ.

ಈಗ ಆ ನಾಲಿಗೆಯ ಕೆಲಸ ನಿಮ್ಮದು. ಹತ್ತಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಬಾಲದ ಕೆಳಗೆ ಮೆಲ್ಲಗೆ ಸವರಿ, ಉಜ್ಜಬೇಡಿ. ಸ್ವಲ್ಪ ಹೊತ್ತಿಗೆ ಹತ್ತಿ ಹಳದಿಯಾಗುತ್ತದೆ. ಉಚ್ಚೆ ನಿಂತ ಮೇಲೆ ಒಣಬಟ್ಟೆಯಲ್ಲಿ ಒರೆಸಿ. ಪ್ರತಿ ಸಲ ಹಾಲು ಕುಡಿಸಿದಾಗಲೂ ಇದು ಆಗಬೇಕು. ಕಕ್ಕ ದಿನಕ್ಕೊಮ್ಮೆ ಆದರೂ ಸಾಕು.

ಹಸುವಿನ ಹಾಲಿಗೆ ಭೇದಿ ಹತ್ತುತ್ತದೆ. ಬೆಕ್ಕಿನ ಮರಿಗೆಂದೇ ಬರುವ ಹಾಲಿನ ಪುಡಿ ಕಲಸಿ, ಬೋರಲಾಗಿಯೇ ಕುಡಿಸಿ. ಮೈ ತಣ್ಣಗಿದ್ದರೆ ಮೊದಲು ಬೆಚ್ಚಗಾಗಿಸಿ. ಹುಳು ಮನೆಗೆ ಬ್ಲೀಚಿಂಗ್ ಪೌಡರ್ ಹೊಡೆಯುವ ಮುನ್ನ ಮರಿಗಳನ್ನು ಬೇರೆಡೆ ಇಡಿ.

ನಾಲ್ಕನೇ ವಾರಕ್ಕೆ ಅಗಲ ತಟ್ಟೆಯಲ್ಲಿ ಮಣ್ಣು ಹಾಕಿಡಿ, ತಾವೇ ಕೆರೆಯಲು ಕಲಿಯುತ್ತವೆ. ಎಷ್ಟು ಸವರಿದರೂ ಉಚ್ಚೆ ಬಾರದೆ ಹೊಟ್ಟೆ ಬಿಗಿದಿದ್ದರೆ ಕಾಯಬೇಡಿ, ಅಂದೇ ಪಶುವೈದ್ಯರಿಗೆ ತೋರಿಸಿ.