ಜೀನ್ಸ್ ಹಾಕಿ ಹೋದವನು ಪಂಚೆಯುಟ್ಟು ಬಂದ

ದಸರೆಗೆ ಊರೂರಿನ ಜನ ಮೈಸೂರಿಗೆ ಬರುತ್ತಾರೆ. ಎರಡು ವರ್ಷದ ಹಿಂದೆ ನಾನೂ ನನ್ನ ಮೊಮ್ಮಗನೂ ಆ ಜನಜಂಗುಳಿ ಬೇಡವೆಂದು ರಜೆಯಲ್ಲಿ ಊರು ಬಿಟ್ಟು ಕೊಲ್ಲೂರಿಗೆ ಹೊರಟೆವು. ನವರಾತ್ರಿಗೆ ಅಲ್ಲಿಯೂ ಅಷ್ಟೇ ಜನ ಸೇರುತ್ತಾರೆ ಎಂಬುದು ನೆನಪಾದದ್ದು ಬಸ್ಸು ಹತ್ತಿದ ಮೇಲೆ. ದೇವರ ದರ್ಶನ ಮಾಡಿ, ಮರುದಿನ ಕೊಡಚಾದ್ರಿ ಹತ್ತುವುದು ನಮ್ಮ ಯೋಜನೆ. ಅವನಾಗ ಏಳನೇ ತರಗತಿ.

ಹೊರಡುವ ಹಿಂದಿನ ರಾತ್ರಿ ಅವನು ಚೀಲಕ್ಕೆ ತನ್ನ ಟ್ರ್ಯಾಕ್ ಪ್ಯಾಂಟು ತುರುಕುತ್ತಿದ್ದ. ನಾನು ಅದನ್ನು ತೆಗೆದು ಆಚೆ ಇಟ್ಟೆ. "ದೇವಸ್ಥಾನಕ್ಕೆ ಯಾರಾದರೂ ಇದನ್ನ ಹಾಕ್ಕೊಂಡು ಹೋಗ್ತಾರೇನೋ? ಜೀನ್ಸ್ ಹಾಕ್ಕೋ. ಗಟ್ಟಿಮುಟ್ಟಾಗಿದೆ, ನಾಲ್ಕು ದಿನ ಹಾಕಿದರೂ ಕೊಳೆ ಕಾಣಲ್ಲ, ಒಂದೇ ಸಾಕು" ಎಂದೆ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನ ಉಳಿತಾಯದ ಬುದ್ಧಿ. ಆದ್ದರಿಂದ ಮುಂದೆ ಆದದ್ದಕ್ಕೆಲ್ಲ ಹೊಣೆ ನಾನೇ.

ಕೊಡಚಾದ್ರಿಯ ಎತ್ತರ 1,343 ಮೀಟರ್. ಮೇಲಿನವರೆಗೂ ಜೀಪು ಎಲುಬು ಅಲ್ಲಾಡಿಸಿಕೊಂಡು ಹೋಗುತ್ತದೆ. ಅಲ್ಲಿಂದ ತುದಿಯ ಸರ್ವಜ್ಞ ಪೀಠಕ್ಕೆ ನಡೆದೇ ಹೋಗಬೇಕು. ಅರ್ಧ ದಾರಿಗೆ ಮಳೆ ಹಿಡಿಯಿತು. ಮಲೆನಾಡಿನ ಮಳೆಗೆ ಪಂಚಾಂಗ ಗೊತ್ತಿರುವುದಿಲ್ಲ. ಹತ್ತೇ ನಿಮಿಷದಲ್ಲಿ ಹುಡುಗನ ಜೀನ್ಸ್ ತೊಯ್ದು ತೊಡೆಗೆ ಅಂಟಿಕೊಂಡಿತು. ಒಂದು ಎತ್ತರದ ಕಲ್ಲು ಹತ್ತಲು ಕಾಲೆತ್ತಿದ. ಬಟ್ಟೆ ಮಂಡಿಯಲ್ಲಿ ಹಿಡಿದುಕೊಂಡು ಕಾಲು ಅರ್ಧಕ್ಕೇ ನಿಂತಿತು. ಜಾರಿದ. ಪಕ್ಕದಲ್ಲಿ ಇಳಿಜಾರು. ಹಿಂದಿನಿಂದ ಬರುತ್ತಿದ್ದ ಯಾರೋ ಪುಣ್ಯಾತ್ಮರು ತೋಳು ಹಿಡಿದು ನಿಲ್ಲಿಸಿದರು. ನಾನು ಕೈ ಚಾಚಿದ್ದೆ, ಆದರೆ ನನ್ನ ಕೈ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಇದನ್ನು ಮನೆಯಲ್ಲಿ ನಾನು ಹೇಳಿದ್ದು ಎಷ್ಟೋ ತಿಂಗಳ ಮೇಲೆ.

ಉಳಿದ ಕತೆ ಸಣ್ಣದು. ರಾತ್ರಿ ಲಾಡ್ಜಿನ ಫ್ಯಾನಿನ ಕೆಳಗೆ ಹರವಿದ ಜೀನ್ಸ್ ಬೆಳಗ್ಗೆಯೂ ಹಿಂಡಿದರೆ ನೀರು ಬಿಡುತ್ತಿತ್ತು. ನನ್ನ ಪ್ಯಾಂಟಿನೊಳಗೆ ಅವನಂಥವರು ಇಬ್ಬರು ಹಿಡಿಸುತ್ತಾರೆ. ದರ್ಶನಕ್ಕೆಂದು ಒಯ್ದಿದ್ದ ನನ್ನ ಪಂಚೆಯನ್ನೇ ಅವನಿಗೆ ಉಡಿಸಿ ಶಿವಮೊಗ್ಗಕ್ಕೆ ಬಸ್ಸಿನಲ್ಲಿ, ಅಲ್ಲಿಂದ ಮೈಸೂರಿಗೆ ರೈಲಿನಲ್ಲಿ ಕರೆತಂದೆ. ಸ್ಟೇಷನ್ನಿನಲ್ಲಿ ಅವನ ವಯಸ್ಸಿನ ನಾಲ್ಕು ಹುಡುಗರು ನೋಡಿ ನಕ್ಕರು. ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಕಡೆ ತಿರುಗಿ ಕೂತವನು ಊರು ಬರುವವರೆಗೆ ತುಟಿ ಬಿಚ್ಚಲಿಲ್ಲ. ಮನೆಗೆ ಬಂದು ಅವರ ಅಜ್ಜಿಗೆ ಹೇಳಿದ: "ಇನ್ನು ತಾತನ ಜೊತೆ ನಾನು ಎಲ್ಲಿಗೂ ಹೋಗಲ್ಲ."

ವಾರವಾದರೂ ಹುಡುಗ ಬಿಗುವಾಗಿಯೇ ಇದ್ದ. ಒಂದು ಭಾನುವಾರ ನಾನು ಹಳೆಯ ಲೆಕ್ಕದ ಪುಸ್ತಕ, ಅಡುಗೆಮನೆಯ ತೂಕದ ಯಂತ್ರ ತಂದು ಹಜಾರದಲ್ಲಿಟ್ಟು, "ಯಾವ ಪ್ಯಾಂಟು ತಪ್ಪು ಮಾಡಿತು ಅಂತ ವಿಚಾರಣೆ ಮಾಡೋಣ ಬಾ" ಎಂದೆ. ಲೆಕ್ಕ ಎಂದರೆ ಅವನಿಗೆ ಇಷ್ಟ. ಬಂದ.

ನಾಲ್ಕು ಬಟ್ಟೆ ಆರಿಸಿದೆವು. ಒಣಗಿದ್ದಾಗ ಒಂದು ಸಲ, ಬಕೆಟ್ಟಿನಲ್ಲಿ ನೆನೆಸಿ ಕೈಯಲ್ಲಿ ಹಿಂಡಿದ ಮೇಲೆ ಇನ್ನೊಂದು ಸಲ ತೂಗಿದೆವು. ಅವನ ಜೀನ್ಸ್ 560 ಗ್ರಾಂ ಇದ್ದದ್ದು 1,190 ಆಯಿತು. ನನ್ನ ಹತ್ತಿಯ ಪೈಜಾಮ 220ರಿಂದ 430ಕ್ಕೆ ಹೋಯಿತು. ನನ್ನ ಟೆರಿಕಾಟ್ ಪ್ಯಾಂಟು 380 ಇದ್ದದ್ದು 610. ನಾನು ಚೀಲದಿಂದ ತೆಗೆದಿಟ್ಟ ಟ್ರ್ಯಾಕ್ ಪ್ಯಾಂಟು 240 ಇದ್ದದ್ದು 350. ನಾಲ್ಕನ್ನೂ ಬಿಸಿಲಿಲ್ಲದ ಜಗುಲಿಯ ಹಗ್ಗಕ್ಕೆ ಹಾಕಿ ಗಂಟೆಗೊಮ್ಮೆ ಮುಟ್ಟಿ ನೋಡಿದೆವು. ಟ್ರ್ಯಾಕ್ ಪ್ಯಾಂಟು ಸಂಜೆ ಕಾಫಿಯ ಹೊತ್ತಿಗೆ ಒಣಗಿತ್ತು. ಟೆರಿಕಾಟೂ ಪೈಜಾಮವೂ ರಾತ್ರಿ ಊಟದ ಹೊತ್ತಿಗೆ. ಜೀನ್ಸಿನ ಸೊಂಟದ ಪಟ್ಟಿ, ಜೇಬು ಮಾರನೆಯ ದಿನ ಸಂಜೆಗೂ ತಣ್ಣಗೇ ಇದ್ದವು. ಮೊಮ್ಮಗ ಪುಸ್ತಕದಲ್ಲಿ ಜೀನ್ಸಿನ ಎದುರು ಕೆಂಪು ಶಾಯಿಯಲ್ಲಿ "ಸಾಲ" ಎಂದು ಬರೆದ. ಮಕ್ಕಳೇ, ನೀವೂ ಮಾಡಿ ನೋಡಿ. ಅಮ್ಮನನ್ನು ಕೇಳಿ ತೂಕದ ಯಂತ್ರ ತೆಗೆದುಕೊಳ್ಳಿ, ಒರೆಸಿ ವಾಪಸ್ಸು ಕೊಡಿ.

ಏಕೆ ಹೀಗೆ? ಹತ್ತಿಯ ನೂಲು ನೀರನ್ನು ತನ್ನ ಒಳಕ್ಕೇ ಎಳೆದುಕೊಳ್ಳುತ್ತದೆ. ಮಳೆಯೇ ಇಲ್ಲದ ಸಾಮಾನ್ಯ ಹವೆಯಲ್ಲೂ 100 ಗ್ರಾಂ ಹತ್ತಿ ಏಳೆಂಟು ಗ್ರಾಂ ತೇವ ಹಿಡಿದುಕೊಂಡಿರುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹಿಡಿಯುವುದಿಲ್ಲ. ಅದರಲ್ಲಿ ನೀರು ನಿಲ್ಲುವುದು ಎಳೆಗಳ ನಡುವಿನ ಸಂದಿಯಲ್ಲಿ ಮಾತ್ರ, ಹಿಂಡಿದರೆ ಇಳಿದುಹೋಗುತ್ತದೆ. ಜೀನ್ಸ್ ಹತ್ತಿಯೂ ಹೌದು, ದಪ್ಪವೂ ಹೌದು. ಅದರ ಬಟ್ಟೆ ಒಂದು ಚದರ ಮೀಟರಿಗೆ 400 ಗ್ರಾಂ ತೂಗುವುದು ಸಾಮಾನ್ಯ. ಹಗುರವಾದ ಪ್ರವಾಸದ ಪ್ಯಾಂಟಿನ ಬಟ್ಟೆ 150ರಿಂದ 200 ಗ್ರಾಂ. ಅಂಗಡಿಯವರು 'ಜಿಎಸ್‌ಎಂ' ಎನ್ನುವುದು ಈ ಲೆಕ್ಕಕ್ಕೇ.

ಜೀನ್ಸನ್ನು ಬೈದು ಪ್ರಯೋಜನವಿಲ್ಲ. ಅದು ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಅಮೆರಿಕದ ನೆವಾಡದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ, ಕೂಲಿಕಾರರ ಪ್ಯಾಂಟಿನ ಜೇಬು ಹರಿಯದಿರಲೆಂದು ಮೂಲೆಗಳಿಗೆ ತಾಮ್ರದ ಮೊಳೆ ಹೊಡೆದ. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಹರಿಯಬಾರದು ಎಂಬುದು ಅವರ ಚಿಂತೆಯಾಗಿತ್ತೇ ಹೊರತು, ಕೊಡಚಾದ್ರಿಯ ಮಳೆಯಲ್ಲಿ ಒಣಗಬೇಕು ಎಂಬುದಲ್ಲ. ಪಾಲಿಯೆಸ್ಟರ್ ಬಂದದ್ದು ಬಹಳ ತಡವಾಗಿ, 1941ರಲ್ಲಿ, ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನ ತಜ್ಞರಿಂದ. ನಾವು ಕಾಲೇಜಿನಲ್ಲಿದ್ದಾಗ ಟೆರಿಲಿನ್ ಶರ್ಟು ಇದ್ದವನು ದೊಡ್ಡ ಮನುಷ್ಯ. ಆಮೇಲೆ ಬೆಲ್‌ಬಾಟಮ್ ಬಂದು ಊರಿನ ರಸ್ತೆಗಳನ್ನೆಲ್ಲ ಗುಡಿಸಿತು. ಆ ಫೋಟೋಗಳನ್ನು ಮೊಮ್ಮಕ್ಕಳಿಗೆ ತೋರಿಸಬೇಡಿ.

ಹಾಗೆಂದು ಪಾಲಿಯೆಸ್ಟರನ್ನೇ ಹೊಗಳಲಾರೆ. ಹಂಪಿಯ ಬಿಸಿಲಿನಲ್ಲಿ, ವಿಜಯಪುರದ ಏಪ್ರಿಲ್ಲಿನಲ್ಲಿ ಅದು ಮೈಗೆ ಅಂಟಿ ಹಿಂಸೆ ಕೊಡುತ್ತದೆ, ಬೆವರಿನ ವಾಸನೆಯನ್ನು ಉಳಿಸಿಕೊಳ್ಳುತ್ತದೆ. ಕಿಡಿ ತಗುಲಿದರೆ ಕರಗಿ ಚರ್ಮಕ್ಕೆ ಹತ್ತುತ್ತದೆ, ಆದ್ದರಿಂದ ಒಲೆ, ಬೆಂಕಿಯ ಬಳಿ ಎಚ್ಚರ. ಒಣ ಸೆಕೆಯ ಊರಿಗೆ ತೆಳು ಹತ್ತಿಯ ಸಡಿಲ ಪ್ಯಾಂಟೇ ಮೇಲು. ಮಳೆ, ಬೆಟ್ಟ, ಚಳಿಯ ಕಡೆಗೆ ಹಗುರವಾದ ಪಾಲಿಯೆಸ್ಟರ್ ಅಥವಾ ನೈಲಾನ್. ಎರಡೂ ಕಡೆ ಓಡಾಡುವವರಿಗೆ ಎರಡೂ ಬೆರೆತ ಬಟ್ಟೆ. ಸೊಂಟದೊಳಗಿನ ಚೀಟಿಯಲ್ಲಿ ಯಾವುದು ಎಷ್ಟು ಶೇಕಡ ಎಂದು ಬರೆದಿರುತ್ತದೆ. ಕನ್ನಡಕ ಹಾಕಿಕೊಂಡು ಓದಿ. ನನ್ನಂತೆ ಮರೆತು ಹೋಗಬೇಡಿ.

ಅಂಗಡಿಯ ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಿದರೆ ಪ್ಯಾಂಟಿನ ಗುಣ ಗೊತ್ತಾಗುವುದಿಲ್ಲ. ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕೂರಬೇಕು. ಬಸ್ಸಿನ ಮೆಟ್ಟಿಲು ಹತ್ತುವಂತೆ ಮಂಡಿಯನ್ನು ಸೊಂಟದ ಮಟ್ಟಕ್ಕೆ ಎತ್ತಬೇಕು. ಎಲ್ಲಾದರೂ ಹಿಡಿದರೆ ಬೇಡ. ಪೈಜಾಮ ಹೊಲಿಯುವ ದರ್ಜಿಗಳು ಎರಡು ಕಾಲು ಸೇರುವ ಕಡೆ ಒಂದು ತುಂಡು ಬಟ್ಟೆ ಸೇರಿಸುತ್ತಾರಲ್ಲ, ಅದರ ಗುಟ್ಟೇ ಇದು. ಒಳ್ಳೆಯ ನಡಿಗೆಯ ಪ್ಯಾಂಟುಗಳಲ್ಲೂ ಆ ತುಂಡು ಇರುತ್ತದೆ. ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಹಿಸುಕಿ ಹತ್ತು ಎಣಿಸಿ ಬಿಡಿ. ಸುಕ್ಕು ಹಾಗೇ ಉಳಿದರೆ ಪ್ರವಾಸದಲ್ಲೂ ಹಾಗೇ ಉಳಿಯುತ್ತದೆ.

ನನ್ನ ವಯಸ್ಸಿನವರಿಗೆ ಇನ್ನೂ ನಾಲ್ಕು ಮಾತು. ನಮ್ಮ ಬೆರಳುಗಳು ಮೊದಲಿನಂತಿಲ್ಲ. ಓಲಾಡುವ ರೈಲಿನ ಶೌಚಾಲಯದಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಬೆಲ್ಟು, ಹುಕ್ಕು, ಒಳಗುಂಡಿ, ಜಿಪ್ಪು ಇಷ್ಟನ್ನೂ ಬಿಚ್ಚುವಷ್ಟರಲ್ಲಿ ಏನಾಗುತ್ತದೆಂದು ಅನುಭವವಿದ್ದವರು ಬಲ್ಲರು. ನಾಚಿಕೆಯಿಂದ ನೀರು ಕುಡಿಯುವುದನ್ನೇ ಬಿಟ್ಟು ಪ್ರಯಾಣ ಮಾಡುವ ಗೆಳೆಯರು ನನಗಿದ್ದಾರೆ. ಎಲಾಸ್ಟಿಕ್ ಸೊಂಟ, ಒಳಗೆ ಲಾಡಿ ಇರುವ ಪ್ಯಾಂಟಿಗೆ ಆ ಕಷ್ಟವಿಲ್ಲ. ವಿಮಾನ ನಿಲ್ದಾಣದಲ್ಲಿ ಬೆಲ್ಟು ಬಿಚ್ಚಿ ಟ್ರೇಗೆ ಹಾಕಿ, ಪ್ಯಾಂಟು ಹಿಡಿದುಕೊಂಡು ನಿಲ್ಲುವ ಪ್ರಸಂಗವೂ ಇಲ್ಲ. ಆದರೆ ಎಲಾಸ್ಟಿಕ್ ಹೊಟ್ಟೆ ಬಿಗಿಯಬಾರದು. ಊಟವಾದ ಮೇಲೆ ಎರಡು ಬೆರಳು ಒಳಗೆ ಹೋಗಬೇಕು. ಗಂಟೆಗಟ್ಟಲೆ ಕೂತರೆ ಕಾಲು ಊದುವವರಿಗೆ ಮಂಡಿ, ಮೀನಖಂಡದ ಬಳಿ ಸಡಿಲವಿರಲಿ. ಉದ್ದ ಹಿಮ್ಮಡಿಯ ಕೆಳಗಿಳಿಯದಿರಲಿ. ಮೆಟ್ಟಿಲಿನಲ್ಲಿ ತುಳಿದು ಬಿದ್ದರೆ ಈ ವಯಸ್ಸಿನಲ್ಲಿ ಮೂಳೆ ಕೂಡುವುದು ನಿಧಾನ.

ಮಂಡಿಯ ಬಳಿ ಜಿಪ್ಪು ಬಿಚ್ಚಿ ಚಡ್ಡಿ ಮಾಡಿಕೊಳ್ಳುವ ಪ್ಯಾಂಟುಗಳ ಬಗ್ಗೆ ನನಗೆ ನಂಬಿಕೆಯಿಲ್ಲ. ಬಿಚ್ಚಿದ ಕಾಲು ಎಲ್ಲೋ ಕಳೆದುಹೋಗುತ್ತದೆ.

ದುಬಾರಿ ಅಂಗಡಿಗೇ ಹೋಗಬೇಕೆಂದಿಲ್ಲ. ನಾನು ಅಗಲ ಪನ್ನದ ಹಗುರ ಬಟ್ಟೆ ಒಂದೂಕಾಲು ಮೀಟರ್ ಕೊಂಡು ನಮ್ಮ ಬೀದಿಯ ದರ್ಜಿಗೆ ಕೊಟ್ಟೆ. ಸೊಂಟಕ್ಕೆ ಎಲಾಸ್ಟಿಕ್, ಪಕ್ಕದ ಜೇಬಿಗೆ ಜಿಪ್ಪು, ಒಳಗೊಂದು ಕಳ್ಳಜೇಬು. "ಪ್ಯಾಂಟೋ ಪೈಜಾಮವೋ ಸಾರ್?" ಎಂದು ಕೇಳಿದರು. ಎರಡೂ ಎಂದೆ.

ಒಗೆದ ಪ್ಯಾಂಟನ್ನು ಒಣ ಟವೆಲಿನ ಮೇಲೆ ಹರವಿ, ಚಾಪೆಯಂತೆ ಸುತ್ತಿ, ಮೇಲೆ ನಿಂತು ತುಳಿದರೆ ಅರ್ಧ ನೀರು ಟವೆಲಿಗೆ ಹೋಗುತ್ತದೆ. ಇದು ಮೊಮ್ಮಗನ ಶೋಧನೆ. ತುಳಿಯುವ ಕೆಲಸವೂ ಅವನದೇ. ಹೀಗೆ ಮಾಡಿದರೆ ಮೈಮೇಲೊಂದು, ಚೀಲದಲ್ಲೊಂದು, ಎರಡೇ ಪ್ಯಾಂಟಿನಲ್ಲಿ ವಾರ ಕಳೆಯಬಹುದು.

ಹೋದ ದಸರಾ ರಜೆಯಲ್ಲಿ ಅವನೇ ಕೇಳಿದ, "ತಾತ, ಕೊಡಚಾದ್ರಿ ಬಾಕಿ ಇದೆಯಲ್ಲ?" ಮತ್ತೆ ಹೋದೆವು. ಮತ್ತೆ ಮಳೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಂಡಿದ್ದರಿಂದ ಇಂಬಳಗಳಿಗೆ ದಾರಿ ಸಿಗಲಿಲ್ಲ. ಅದೇ ಎತ್ತರದ ಕಲ್ಲನ್ನು ಅವನು ಒಂದೇ ಹೆಜ್ಜೆಗೆ ಹತ್ತಿ, ತಿರುಗಿ ನನಗೆ ಕೈ ಕೊಟ್ಟ. ರಾತ್ರಿ ಹಗ್ಗಕ್ಕೆ ಹಾಕಿದ ಎರಡೂ ಪ್ಯಾಂಟು ಬೆಳಗ್ಗೆ ಒಣಗಿದ್ದವು.

ಮನೆಗೆ ಬಂದು ಚೀಲ ಖಾಲಿ ಮಾಡುವಾಗ ತಳದಲ್ಲಿ ನನ್ನ ಹಳೆಯ ಪಂಚೆ ಸಿಕ್ಕಿತು. ನಾನು ಇಟ್ಟಿರಲಿಲ್ಲ.

"ನಾನೇ ಇಟ್ಟೆ ತಾತ" ಎಂದ. "ಈ ಸಲ ನಿಮಗೆ ಬೇಕಾದೀತು ಅಂತ."