ವಾರದ ನಡುವಿನ ಸಭೆ: ಹುಬ್ಬಳ್ಳಿ–ಧಾರವಾಡದ ಮನೆ ಪ್ರಾರ್ಥನೆ

ಬಾಸೆಲ್ ಮಿಶನ್ ಎಂದ ಕೂಡಲೇ ಅವಳಿ ನಗರದ ಜನಕ್ಕೆ ನೆನಪಾಗುವುದು ಶಾಲೆಗಳು, ಮಿಷನರಿ ಫರ್ಡಿನಾಂಡ್ ಕಿಟೆಲ್ ಮತ್ತು 1894ರಲ್ಲಿ ಹೊರಬಂದ ಅವರ ಕನ್ನಡ–ಇಂಗ್ಲಿಷ್ ನಿಘಂಟು. ಅವುಗಳ ಬೆನ್ನಿಗೆ ಒಂದು ಕ್ರೈಸ್ತ ಸಭೆಯೂ ಇದೆ. ಆ ಸಭೆಯ ಭಾನುವಾರದ ಆರಾಧನೆ ಎಲ್ಲರ ಕಣ್ಣಿಗೆ ಬೀಳುತ್ತದೆ. ವಾರದ ನಡುವೆ ಮನೆಗಳಲ್ಲಿ ಕೂಡುವ ಪ್ರಾರ್ಥನಾ ಕೂಟದ ಪರಿಚಯ ಹೊರಗಿನವರಿಗೆ ಕಡಿಮೆ. ಸಭೆಯ ಜೀವ ಇರುವುದು ಮಾತ್ರ ಅಲ್ಲೇ.

1834ರಲ್ಲಿ ಮಂಗಳೂರಿಗೆ ಬಂದಿಳಿದ, ಸ್ವಿಟ್ಜರ್ಲೆಂಡ್ ಮೂಲದ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿತು. ಮಿಷನರಿಗಳಲ್ಲಿ ಹಲವರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಬೈಬಲ್ ಓದಿ ಪ್ರಾರ್ಥಿಸುವುದು ಅವರ ಭಕ್ತಿಮಾರ್ಗದ ತಿರುಳಾಗಿತ್ತು. ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೇ ಇಡೀ ಬೈಬಲನ್ನು ಕನ್ನಡಕ್ಕೆ ತಂದಿದ್ದರಿಂದ ಓದೂ ಪ್ರಾರ್ಥನೆಯೂ ಕನ್ನಡದಲ್ಲೇ ನಡೆದವು. ಹಾಡುಗಳಿಗೆ ಜರ್ಮನ್ ರಾಗಗಳು ಬಂದವು. ಕಿಟೆಲ್ ಮಾತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಈ ನೆಲದ ಛಂದಸ್ಸಿನಲ್ಲೇ ಹೇಳಿದರು. ಧಾರವಾಡದ ಹೆಬಿಕ್ ಸ್ಮಾರಕ ಚರ್ಚು, ಹುಬ್ಬಳ್ಳಿಯ ಮೇಯರ್ ಸ್ಮಾರಕ ಚರ್ಚು ಆ ಪರಂಪರೆಯವು. ಇವು ಸೇರಿದಂತೆ ಈ ಭಾಗದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳನ್ನು ನೋಡಿಕೊಳ್ಳುವ ಕರ್ನಾಟಕ ಉತ್ತರ ಸಭಾಪ್ರಾಂತದ ಕೇಂದ್ರವೂ ಧಾರವಾಡವೇ.

ಮನೆ ಪ್ರಾರ್ಥನೆಗೆ ದೊಡ್ಡ ಸಿದ್ಧತೆ ಬೇಡ. ಪಡಸಾಲೆಯ ಕುರ್ಚಿಗಳನ್ನು ಗೋಡೆಗೆ ಸರಿಸಿ ಜಮಖಾನೆ ಹಾಸಿದರೆ ಆಯಿತು. ಯಾರೋ ಹಿರಿಯರು ಹಾಡು ಎತ್ತಿಕೊಡುತ್ತಾರೆ, ಒಬ್ಬರು ವಾಕ್ಯ ಓದುತ್ತಾರೆ, ಸಭೆಯ ಗುರುಗಳಾದ ಅಯ್ಯನವರು ನಾಲ್ಕು ಮಾತು ಹೇಳುತ್ತಾರೆ. ಆಮೇಲೆ ಕೇಳುತ್ತಾರೆ: “ಪ್ರಾರ್ಥನಾ ವಿಷಯ ಏನರ ಅದಾವೇನ್ರೀ?” ಒಬ್ಬಾಕಿಗೆ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಚಿಂತೆ. ಇನ್ನೊಬ್ಬರ ಅಣ್ಣ ದವಾಖಾನೆಯಲ್ಲಿದ್ದಾರೆ. ಹಳ್ಳಿಯಿಂದ ಬಂದವರಿಗೆ ಮಳೆ ಬೇಕು, ಎರೆ ಹೊಲ ಬಾಯ್ಬಿಟ್ಟಿದೆ. ಒಬ್ಬೊಬ್ಬರ ಹೆಸರು ಹಿಡಿದು, ಒಬ್ಬರಾದ ಮೇಲೊಬ್ಬರು ಪ್ರಾರ್ಥಿಸುತ್ತಾರೆ. ಉಳಿದವರು ‘ಆಮೆನ್’ ಎಂದು ಅದನ್ನು ತಮ್ಮದಾಗಿಸಿಕೊಳ್ಳುತ್ತಾರೆ. ಚಹಾ, ಸೂಸಲದ ಹೊತ್ತಿಗೆ ದವಾಖಾನೆಗೆ ನಾಳೆ ಬುತ್ತಿ ಒಯ್ಯುವವರು ಯಾರು ಎಂಬುದೂ ತೀರ್ಮಾನವಾಗಿರುತ್ತದೆ.

ಇದು ಚರ್ಚಿನ ಕಟ್ಟಡಗಳಿಗಿಂತ ಹಳೆಯ ಪದ್ಧತಿ. ಪೇತ್ರನು ಸೆರೆಮನೆಯಲ್ಲಿದ್ದಾಗ ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ಜನ ಕೂಡಿ ಪ್ರಾರ್ಥಿಸುತ್ತಿದ್ದರೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಬಾಗಿಲು ಮುಚ್ಚಿಕೊಂಡು ಏಕಾಂತದಲ್ಲಿ ಪ್ರಾರ್ಥಿಸಿರಿ ಎಂದೂ ಯೇಸುಸ್ವಾಮಿ ಕಲಿಸಿದರು. ಕ್ರೈಸ್ತ ಜೀವನಕ್ಕೆ ಎರಡೂ ಬೇಕು: ಒಬ್ಬಂಟಿ ಪ್ರಾರ್ಥನೆ ಮನಸ್ಸನ್ನು ದೇವರ ಮುಂದೆ ಬಿಚ್ಚಿಡುತ್ತದೆ, ಕೂಡಿ ಮಾಡುವ ಪ್ರಾರ್ಥನೆ ಒಬ್ಬರ ಭಾರಕ್ಕೆ ಇನ್ನೊಬ್ಬರ ಹೆಗಲು ಕೊಡಿಸುತ್ತದೆ.

1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು, ಮುಂದೆ ಅವರ ದೇಶಕ್ಕೆ ಕಳಿಸಿತು. ಆದರೂ ಸಭೆಗಳು ಉಳಿದುಕೊಂಡವು. ಪ್ರಾರ್ಥನೆ ಗುರುಗಳೊಬ್ಬರ ಕೆಲಸವಾಗಿಯೇ ಉಳಿದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ.

ಈ ಪ್ರಾರ್ಥನೆಯ ಕೆಲಸದಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದು. ಪ್ರತಿ ಮಾರ್ಚ್ ತಿಂಗಳ ಮೊದಲ ಶುಕ್ರವಾರ ಜಗತ್ತಿನಾದ್ಯಂತ ಕ್ರೈಸ್ತ ಮಹಿಳೆಯರು ವಿಶ್ವ ಪ್ರಾರ್ಥನಾ ದಿನ ಆಚರಿಸುತ್ತಾರೆ. ಅದರ ಆರಾಧನಾ ಕ್ರಮವನ್ನು ವರ್ಷಕ್ಕೊಂದು ದೇಶದ ಮಹಿಳೆಯರು ಬರೆಯುತ್ತಾರೆ. 2024ರಲ್ಲಿ ಪ್ಯಾಲೆಸ್ಟೀನಿನವರು, 2025ರಲ್ಲಿ ಕುಕ್ ದ್ವೀಪಗಳವರು ಬರೆದಿದ್ದರು. ಪಡಸಾಲೆಯ ಕೂಟದಲ್ಲಿ ಓಣಿಯವರಿಗಾಗಿ ಪ್ರಾರ್ಥಿಸಿ ರೂಢಿಯಾದವರಿಗೆ ದೂರದ ದೇಶದ ನೋವೂ ಪರರದೆನಿಸುವುದಿಲ್ಲ.

ಈಗ ಪಾಳಿಯ ಕೆಲಸ, ಟ್ಯೂಷನ್, ಸಣ್ಣ ಮನೆಗಳ ನಡುವೆ ವಾರದ ಒಂದು ಸಂಜೆ ಬಿಡುವು ಮಾಡಿಕೊಳ್ಳುವುದೂ ಕಷ್ಟ. ಪ್ರಾರ್ಥನಾ ವಿನಂತಿ ವಾಟ್ಸ್‌ಆ್ಯಪಿನಲ್ಲಿ ಬರುತ್ತದೆ, ಕೈಮುಗಿದ ಚಿತ್ರ ಉತ್ತರವಾಗಿ ಹೋಗುತ್ತದೆ. ಅದೂ ಇರಲಿ. ಆದರೆ ಒಬ್ಬರ ಎದುರು ಕುಳಿತು ಅವರ ಹೆಸರು ಹೇಳಿ ಪ್ರಾರ್ಥಿಸಿದವರು ಮರುದಿನ ಅವರನ್ನು ಕಂಡೂ ಕಾಣದಂತೆ ದಾಟಿಹೋಗಲಾರರು. ಅದಕ್ಕಾಗಿಯಾದರೂ ಈ ಕೂಟಗಳು ಉಳಿಯಬೇಕು, ಮಕ್ಕಳನ್ನೂ ಅಲ್ಲಿ ಕೂರಿಸಿಕೊಳ್ಳಬೇಕು.